ಲಿನಕ್ಸ್‌ನಲ್ಲಿ ಯುಎಸ್‌ಬಿ ಡಿಸ್ಕ್ ಕಾಣುತ್ತಿಲ್ಲವೇ, ಕಂಡರೂ ತೆವಳುತ್ತಿದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ಡಿಟಿಪಿ ಅಂಗಡಿಗಳು, ಬೀದರಿನ ಫೋಟೊ ಸ್ಟುಡಿಯೊಗಳು, ಯಾದಗಿರಿಯ ಕಾಲೇಜು ಲ್ಯಾಬುಗಳು: ಲಿನಕ್ಸ್ ಬಳಸುವವರು ಎಲ್ಲೇ ಇರಲಿ, ಹೊರಗಿನಿಂದ ಜೋಡಿಸುವ ಡಿಸ್ಕಿನ ಬಗ್ಗೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಉತ್ತರಗಳನ್ನು ಉಬುಂಟು, ಮಿಂಟ್, ಡೆಬಿಯನ್ ಬಳಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಆಜ್ಞೆಗಳು ಇಲ್ಲಿ ಕನ್ನಡ ಅಕ್ಷರದಲ್ಲಿವೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿ.

ಡಿಸ್ಕ್ ಜೋಡಿಸಿದರೆ ಏನೂ ಕಾಣುವುದಿಲ್ಲ. ಎಲ್ಲಿಂದ ಆರಂಭಿಸಬೇಕು?

ಫೈಲ್ ಮ್ಯಾನೇಜರ್ ಮುಚ್ಚಿ, ಟರ್ಮಿನಲ್ ತೆರೆಯಿರಿ. ಡಿಸ್ಕನ್ನು ಒಮ್ಮೆ ಹೊರತೆಗೆದು, 'ಸುಡೊ ಡಿಎಂಇಎಸ್‌ಜಿ' ಎಂಬ ಆಜ್ಞೆಗೆ ಮೈನಸ್ ಡಬ್ಲ್ಯು ಸೇರಿಸಿ ಎಂಟರ್ ಒತ್ತಿ. ಲಿನಕ್ಸ್‌ನ ತಿರುಳಾದ ಕರ್ನಲ್ ತನಗೆ ತಾನೇ ಹೇಳಿಕೊಳ್ಳುವ ಮಾತುಗಳೆಲ್ಲ ಆ ಪರದೆಯ ಮೇಲೆ ಬರುತ್ತಾ ಹೋಗುತ್ತವೆ. ಈಗ ಡಿಸ್ಕ್ ಜೋಡಿಸಿ, ಕೆಳಗೆ ಹೊಸ ಸಾಲು ಬರುತ್ತದೆಯೇ ನೋಡಿ.

ಒಂದು ಸಾಲೂ ಬರದಿದ್ದರೆ ಡಿಸ್ಕಿಗೆ ವಿದ್ಯುತ್ ಅಥವಾ ಕಂಪ್ಯೂಟರಿಗೆ ಸಂಕೇತ ತಲುಪುತ್ತಲೇ ಇಲ್ಲ. ತೊಂದರೆ ಕೇಬಲ್, ಪೋರ್ಟ್ ಅಥವಾ ಡಿಸ್ಕಿನ ಪೆಟ್ಟಿಗೆಯೊಳಗಿನ ಸಣ್ಣ ಬೋರ್ಡಿನಲ್ಲಿದೆ. ಯಾವ ತಂತ್ರಾಂಶ ಹಾಕಿದರೂ ಸರಿಹೋಗುವುದಿಲ್ಲ. ಸಾಲು ಬಂದರೆ ಮೂರು ಹಂತಗಳಲ್ಲಿ ಪರೀಕ್ಷಿಸಿ. 'ಎಲ್‌ಎಸ್‌ಯುಎಸ್‌ಬಿ' ಕೊಟ್ಟಾಗ ಹೆಸರು ಬಂದರೆ ಯುಎಸ್‌ಬಿ ಮಟ್ಟದಲ್ಲಿ ಗುರುತು ಸಿಕ್ಕಿದೆ. 'ಎಲ್‌ಎಸ್‌ಬಿಎಲ್‌ಕೆ' ಕೊಟ್ಟಾಗ ಎಸ್‌ಡಿಬಿ, ಎಸ್‌ಡಿಸಿ ಎಂದೇನಾದರೂ ಬಂದರೆ ಅದು ಡಿಸ್ಕ್ ಎಂಬುದೂ ಗೊತ್ತಾಗಿದೆ. ಅದೇ ಆಜ್ಞೆಗೆ ಮೈನಸ್ ಎಫ್ ಸೇರಿಸಿದಾಗ ಎನ್‌ಟಿಎಫ್‌ಎಸ್, ಎಕ್ಸ್‌ಫ್ಯಾಟ್, ಎಕ್ಸ್ಟ್4 ಎಂದು ತೋರಿಸಿದರೆ ಒಳಗಿನ ಫೈಲ್ ವ್ಯವಸ್ಥೆಯನ್ನೂ ಓದಲಾಗಿದೆ. ಎಲ್ಲಿ ನಿಂತಿತೋ ಅಲ್ಲಿಂದ ಮುಂದೆ ಹುಡುಕಿ.

ಈ ಹಂತದಲ್ಲಿ ಒಂದು ಮಾತು. "ಡಿಸ್ಕ್ ಫಾರ್ಮ್ಯಾಟ್ ಮಾಡಬೇಕೇ?" ಎಂದು ಯಾವುದೇ ಕಂಪ್ಯೂಟರ್ ಕೇಳಿದರೆ ಬೇಡ ಎನ್ನಿ. ವಿಂಡೋಸ್ ಕೇಳಿದರೂ ಬೇಡ, ಪಕ್ಕದ ಅಂಗಡಿಯವರು ಹೇಳಿದರೂ ಬೇಡ. ನನ್ನ ಕಣ್ಣೆದುರು ಹಾಳಾದ ಮದುವೆ ಆಲ್ಬಮ್‌ಗಳಲ್ಲಿ ಹೆಚ್ಚಿನವು ಡಿಸ್ಕ್ ಕೆಟ್ಟು ಹಾಳಾದವಲ್ಲ, ಗಾಬರಿಯಲ್ಲಿ ಒತ್ತಿದ ಆ ಒಂದು ಬಟನ್‌ನಿಂದ ಹಾಳಾದವು.

ಕರ್ನಲ್ ಸಂದೇಶದಲ್ಲಿ 'ಎರರ್ ಮೈನಸ್ 71', 'ಎರರ್ ಮೈನಸ್ 110' ಎಂದು ಬರುತ್ತಿದೆ. ಏನರ್ಥ?

71 ಎಂದರೆ ಮಾತುಕತೆಯ ನಡುವೆ ಸಂಕೇತ ಕೆಟ್ಟಿದೆ. 110 ಎಂದರೆ ಕೇಳಿದ ಪ್ರಶ್ನೆಗೆ ಡಿಸ್ಕ್ ಸಮಯಕ್ಕೆ ಸರಿಯಾಗಿ ಉತ್ತರಿಸಲಿಲ್ಲ. ಎರಡಕ್ಕೂ ಮೊದಲ ಅನುಮಾನ ಕೇಬಲ್ ಮೇಲೆ, ಎರಡನೆಯದು ವಿದ್ಯುತ್ ಮೇಲೆ. ಕೊನೆಗೆ 'ಅನೇಬಲ್ ಟು ಎನ್ಯೂಮರೇಟ್' ಎಂದು ಬಂದರೆ ಕರ್ನಲ್ ಕೈಚೆಲ್ಲಿದೆ ಎಂದರ್ಥ.

ಕೇಬಲ್ ಬದಲಿಸಿ ನೋಡಿ. "ಮೊನ್ನೆಯವರೆಗೆ ಇದೇ ಕೇಬಲ್‌ನಲ್ಲಿ ನಡೆಯುತ್ತಿತ್ತು" ಎಂಬುದು ವಾದವಲ್ಲ, ಮೊನ್ನೆಯವರೆಗೆ ಎಲ್ಲ ಕೇಬಲ್‌ಗಳೂ ನಡೆಯುತ್ತಿರುತ್ತವೆ. ಡಿಸ್ಕಿಗೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಟ್ಟ ಕೇಬಲ್‌ಗಳಂತೂ ಕುತ್ತಿಗೆಯ ಹತ್ತಿರ ಒಳಗೊಳಗೇ ಮುರಿದಿರುತ್ತವೆ. ಮೊಬೈಲ್ ಅಂಗಡಿಯಲ್ಲಿ ಸಿಗುವ ಟೈಪ್ ಸಿ ಕೇಬಲ್‌ಗಳಲ್ಲಿ ಬಹುಪಾಲು ಚಾರ್ಜಿಂಗ್‌ಗೆಂದೇ ಮಾಡಿದವು. ಅವುಗಳೊಳಗೆ ಹೆಚ್ಚು ವೇಗದ ತಂತಿಗಳಿರುವುದಿಲ್ಲ, ಕೆಲವದರಲ್ಲಿ ಡೇಟಾ ತಂತಿಯೇ ಇರುವುದಿಲ್ಲ.

ಕೇಬಲ್ ಆದ ಮೇಲೆ ಪೋರ್ಟ್. ಡೆಸ್ಕ್‌ಟಾಪ್ ಕ್ಯಾಬಿನೆಟ್ಟಿನ ಮುಂಭಾಗದ ಪೋರ್ಟುಗಳಿಗೆ ಮದರ್‌ಬೋರ್ಡಿನಿಂದ ಉದ್ದದ ತಂತಿ ಎಳೆದಿರುತ್ತಾರೆ. ಅಗ್ಗದ ಕ್ಯಾಬಿನೆಟ್ಟಿನಲ್ಲಿ ಆ ತಂತಿಯೇ ದೋಷದ ಮೂಲ. ಹಿಂಭಾಗದ ಪೋರ್ಟುಗಳು ಮದರ್‌ಬೋರ್ಡಿಗೆ ನೇರವಾಗಿ ಬೆಸೆದಿರುತ್ತವೆ. ಬಗ್ಗಿ ಜೋಡಿಸುವುದು ಕಷ್ಟವೆಂದು ಮುಂದಿನದನ್ನೇ ಬಳಸುವವರು ಒಮ್ಮೆ ಹಿಂದಿನದರಲ್ಲಿ ಪರೀಕ್ಷಿಸಿ ನೋಡಲಿ.

ಲೈಟ್ ಉರಿಯುತ್ತದೆ, ಒಳಗೆ ಟಿಕ್ ಟಿಕ್ ಸದ್ದು ಬರುತ್ತದೆ, ಆದರೆ ಡಿಸ್ಕ್ ತೆರೆಯುವುದಿಲ್ಲ. ಗೆಳೆಯನ ಲ್ಯಾಪ್‌ಟಾಪಿನಲ್ಲಿ ಸರಿಯಾಗಿಯೇ ತೆರೆಯುತ್ತದೆ.

ಬೇರೆ ಕಡೆ ತೆರೆಯುತ್ತದೆ ಎಂದರೆ ಡಿಸ್ಕಿಗೆ ಸಾಕಷ್ಟು ಕರೆಂಟ್ ಸಿಗುತ್ತಿಲ್ಲ. ಯುಎಸ್‌ಬಿ 2.0 ಪೋರ್ಟ್ ನಿಯಮದ ಪ್ರಕಾರ ಕೊಡುವುದು 5 ವೋಲ್ಟಿನಲ್ಲಿ 500 ಮಿಲಿಆಂಪಿಯರ್, ಯುಎಸ್‌ಬಿ 3.0 ಕೊಡುವುದು 900. ತಟ್ಟೆ ತಿರುಗುವ ಡಿಸ್ಕ್ ಹೊರಡುವ ಗಳಿಗೆಯಲ್ಲಿ ಇದಕ್ಕಿಂತ ಹೆಚ್ಚು ಎಳೆಯುವುದುಂಟು. ಸಿಗದಿದ್ದರೆ ಮೋಟರ್ ಅರ್ಧಕ್ಕೆ ನಿಂತು ಮತ್ತೆ ಹೊರಡಲು ನೋಡುತ್ತದೆ. ಆ ಟಿಕ್ ಟಿಕ್ ಅದೇ. ಎಲ್ಲ ಕಂಪ್ಯೂಟರುಗಳಲ್ಲೂ, ಒಳ್ಳೆಯ ಕೇಬಲ್‌ನಲ್ಲೂ ಅದೇ ಸದ್ದು ಬಂದರೆ ಮಾತ್ರ ಡಿಸ್ಕ್ ಕೆಟ್ಟಿದೆ ಎನ್ನಬಹುದು.

ಪರಿಹಾರ: ಗಿಡ್ಡ ಕೇಬಲ್, ಹಿಂಭಾಗದ ಪೋರ್ಟ್, ಅದೂ ಆಗದಿದ್ದರೆ ಸ್ವಂತ ಅಡಾಪ್ಟರ್ ಇರುವ ಹಬ್. ಅಡಾಪ್ಟರ್ ಇಲ್ಲದ ಹಬ್ ಒಂದೇ ಪೋರ್ಟಿನ ಕರೆಂಟನ್ನು ನಾಲ್ಕು ಪಾಲು ಮಾಡುತ್ತದೆ, ಅಷ್ಟೇ. ಕಂಪ್ಯೂಟರಿನ ಒಳಗೆ ಕೂಡುವ ಮೂರೂವರೆ ಇಂಚಿನ ದೊಡ್ಡ ಡಿಸ್ಕುಗಳಿಗೆ 12 ವೋಲ್ಟ್ ಬೇಕು. ಯುಎಸ್‌ಬಿಯಿಂದ ಅವು ನಡೆಯುವುದಿಲ್ಲ, ಅವುಗಳ ಪೆಟ್ಟಿಗೆಗೆ ಬೇರೆಯೇ ಅಡಾಪ್ಟರ್ ಕೊಟ್ಟಿರುತ್ತಾರೆ. ಹಳೆಯ ಅಡಾಪ್ಟರ್ ದಣಿದರೆ ವೋಲ್ಟೇಜ್ ಕುಸಿದು, ನಕಲು ಮಾಡುವಾಗ ನಡುವೆಯೇ ಡಿಸ್ಕ್ ಮಾಯವಾಗುತ್ತದೆ. ಸಂದೇಶದಲ್ಲಿ 'ಓವರ್‌ಕರೆಂಟ್' ಎಂಬ ಪದ ಕಂಡರೆ ಪೋರ್ಟಿನೊಳಗೆ ಟಾರ್ಚ್ ಹಾಕಿ ನೋಡಿ. ಬಾಗಿದ ಪಿನ್ನು ಇನ್ನೊಂದಕ್ಕೆ ತಾಗಿರಬಹುದು.

ಡಿಸ್ಕ್ ಹಿಡಿದರೆ, ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಇದಕ್ಕೂ ಡಿಸ್ಕ್ ಕಡಿದುಹೋಗುವುದಕ್ಕೂ ಸಂಬಂಧವಿದೆಯೇ?

ಇದೆ, ಮತ್ತು ನಮ್ಮ ಭಾಗದಲ್ಲಿ ಇದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಕಂಪ್ಯೂಟರಿಗೆ ಕರೆಂಟ್ ಹಂಚುವ ಎಸ್‌ಎಂಪಿಎಸ್ ಒಳಗೆ ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಕ್ಯಾಬಿನೆಟ್ಟಿಗೆ ಚಿಕ್ಕ ಕೆಪಾಸಿಟರ್‌ಗಳಿರುತ್ತವೆ. ಗದ್ದಲದ ಕರೆಂಟನ್ನು ಅರ್ತಿಗೆ ಇಳಿಸುವುದು ಅವುಗಳ ಕೆಲಸ. ಅರ್ತಿಂಗ್ ಇಲ್ಲದಿದ್ದರೆ ಇಳಿಯಲು ದಾರಿ ಇಲ್ಲ. ಆಗ ಕ್ಯಾಬಿನೆಟ್ 230 ವೋಲ್ಟಿನ ಅರ್ಧದ ಆಸುಪಾಸಿನಲ್ಲಿ ತೇಲುತ್ತಿರುತ್ತದೆ. ಕರೆಂಟ್ ತೀರ ಕಡಿಮೆ ಇರುವುದರಿಂದ ಕೈಗೆ ಜುಮ್ಮೆನ್ನುತ್ತದೆ, ಟೆಸ್ಟರ್ ಮಂದವಾಗಿ ಉರಿಯುತ್ತದೆ. ಅಡಾಪ್ಟರ್ ಇರುವ ಡಿಸ್ಕನ್ನು ಇಂಥ ಕಂಪ್ಯೂಟರಿಗೆ ಜೋಡಿಸುವ ಕ್ಷಣದಲ್ಲಿ ಎರಡು ಕಡೆಯ ವೋಲ್ಟೇಜ್ ವ್ಯತ್ಯಾಸ ಯುಎಸ್‌ಬಿ ತಂತಿಯ ಮೂಲಕವೇ ಸಮವಾಗಬೇಕು. ಮೈನಸ್ 71ರ ಸಾಲುಗಳು ಸುರಿಯುವುದಕ್ಕೆ ಅಷ್ಟು ಸಾಕು. ಕೆಲವೊಮ್ಮೆ ಪೋರ್ಟೇ ಸುಟ್ಟುಹೋಗುತ್ತದೆ.

ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿಗೆ ಇಳಿಸುವ ಜೋಡಣೆಗಳನ್ನು ಮೊದಲು ಎಸೆಯಿರಿ. ಮೂರು ರಂಧ್ರದ ಸಾಕೆಟ್ ಇದ್ದ ಮಾತ್ರಕ್ಕೆ ಹಿಂದೆ ಅರ್ತ್ ತಂತಿ ಇದೆ ಎಂದಲ್ಲ, ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಇದ್ದಿಲು, ಉಪ್ಪು ಹಾಕಿ ಹುಗಿದ ಅರ್ತ್ ಗುಂಡಿ ಇದ್ದವರೂ ಬೇಸಿಗೆಯಲ್ಲಿ ಅದಕ್ಕೆ ಆಗಾಗ ನೀರು ಹಾಕಬೇಕು. ಏಪ್ರಿಲ್ ಬರುವಷ್ಟರಲ್ಲಿ ನಮ್ಮ ಎರೆಮಣ್ಣು ಕೈ ತೂರುವಷ್ಟು ಬಿರಿದಿರುತ್ತದೆ. ಆ ಒಣ ನೆಲದಲ್ಲಿ ಅರ್ತ್ ಹೆಸರಿಗೆ ಮಾತ್ರ ಇರುತ್ತದೆ.

ಎಲ್‌ಎಸ್‌ಯುಎಸ್‌ಬಿಯಲ್ಲಿ ಡಿಸ್ಕಿನ ಹೆಸರಿದೆ, ಎಲ್‌ಎಸ್‌ಬಿಎಲ್‌ಕೆಯಲ್ಲಿ ಇಲ್ಲ. ಏಕೆ?

ಇವತ್ತು ಕರ್ನಲ್ ಅಪ್‌ಡೇಟ್ ಆಗಿ, ಇನ್ನೂ ರೀಸ್ಟಾರ್ಟ್ ಮಾಡದಿದ್ದರೆ ಮೊದಲು ಅದನ್ನು ಮಾಡಿ. ಆರ್ಚ್ ಎಂಬ ಲಿನಕ್ಸ್ ಬಳಸುವವರಲ್ಲಿ ಇದು ನಿತ್ಯದ ದೂರು. ಅಪ್‌ಡೇಟ್ ಹಳೆಯ ಕರ್ನಲ್‌ನ ಮಾಡ್ಯೂಲ್‌ಗಳನ್ನು (ಬೇಕಾದಾಗ ಸೇರಿಸಿಕೊಳ್ಳುವ ಚಾಲಕ ತುಣುಕುಗಳನ್ನು) ಅಳಿಸಿರುತ್ತದೆ, ನಡೆಯುತ್ತಿರುವುದು ಹಳೆಯ ಕರ್ನಲ್ಲೇ, ಅದಕ್ಕೆ ಯುಎಸ್‌ಬಿ ಸ್ಟೋರೇಜ್ ಮಾಡ್ಯೂಲ್ ಎಲ್ಲಿಯೂ ಸಿಗುವುದಿಲ್ಲ.

ಅದಲ್ಲದಿದ್ದರೆ ಪೆಟ್ಟಿಗೆಯ ಬೋರ್ಡ್ ಮಾತಾಡುತ್ತಿದೆ, ಒಳಗಿನ ಡಿಸ್ಕ್ ಮಾತಾಡುತ್ತಿಲ್ಲ. ಎಲ್‌ಎಸ್‌ಯುಎಸ್‌ಬಿಯಲ್ಲಿ ಕಾಣುವ ಹೆಸರು ಆ ಬೋರ್ಡಿನದೇ ಹೊರತು ಡಿಸ್ಕಿನದಲ್ಲ. ಪೆಟ್ಟಿಗೆ ಬಿಚ್ಚಲು ಬರುವಂತಿದ್ದರೆ ಡಿಸ್ಕ್ ತೆಗೆದು ಇನ್ನೊಂದು ಪೆಟ್ಟಿಗೆಯಲ್ಲಿಟ್ಟು ನೋಡಿ. ಕೆಲವು ತಯಾರಕರ ಡಿಸ್ಕುಗಳಲ್ಲಿ ಯುಎಸ್‌ಬಿ ಸಾಕೆಟ್ಟನ್ನು ಡಿಸ್ಕಿನ ಬೋರ್ಡಿಗೇ ಬೆಸೆದಿರುತ್ತಾರೆ, ಅವುಗಳಲ್ಲಿ ಈ ಉಪಾಯ ನಡೆಯದು. ಇನ್ನು ಕೆಲವು ಬೋರ್ಡುಗಳು ಡೇಟಾವನ್ನು ತಾವೇ ಎನ್‌ಕ್ರಿಪ್ಟ್ ಮಾಡಿ ಬರೆಯುತ್ತವೆ. ಅಂಥ ಡಿಸ್ಕನ್ನು ಬೇರೆ ಪೆಟ್ಟಿಗೆಗೆ ಹಾಕಿದರೆ ಖಾಲಿಯಂತೆ ಕಾಣುತ್ತದೆ. ಖಾಲಿ ಕಂಡಿತೆಂದು ಫಾರ್ಮ್ಯಾಟ್ ಮಾಡಬೇಡಿ, ಮೇಲೆ ಹೇಳಿದ್ದು ಇಲ್ಲಿಗೂ ಅನ್ವಯ.

ಡಿಸ್ಕ್ ಕಾಣುತ್ತದೆ, ತೆರೆಯಲು ಹೋದರೆ 'ಮೌಂಟ್ ಆಗುತ್ತಿಲ್ಲ' ಎನ್ನುತ್ತದೆ. ಅಥವಾ ತೆರೆಯುತ್ತದೆ, ಆದರೆ ಬರೆಯಲು ಬಿಡುವುದಿಲ್ಲ.

ಡಿಸ್ಕ್ ವಿಂಡೋಸ್ ಯಂತ್ರದಿಂದ ಬಂದದ್ದೇ? ಹಾಗಿದ್ದರೆ ಕಾರಣ ಬಹುತೇಕ ಖಚಿತ. ಎಜೆಕ್ಟ್ ಮಾಡದೆ ಎಳೆದುಕೊಂಡರೆ ಅಥವಾ ವಿಂಡೋಸ್‌ನ 'ಫಾಸ್ಟ್ ಸ್ಟಾರ್ಟಪ್' ಇರುವಾಗ ಡಿಸ್ಕ್ ಜೋಡಿಸಿಟ್ಟೇ ಶಟ್‌ಡೌನ್ ಮಾಡಿದರೆ, ಎನ್‌ಟಿಎಫ್‌ಎಸ್ ಮೇಲೆ 'ಕೆಲಸ ಅರ್ಧಕ್ಕಿದೆ' ಎಂಬ ಗುರುತು ಉಳಿಯುತ್ತದೆ. ಲಿನಕ್ಸ್ ಆ ಗುರುತನ್ನು ಗೌರವಿಸಿ, ಓದಲು ಮಾತ್ರ ಬಿಡುತ್ತದೆ ಅಥವಾ ತೆರೆಯುವುದೇ ಇಲ್ಲ. ಅದೇ ವಿಂಡೋಸ್ ಯಂತ್ರಕ್ಕೆ ಮರಳಿ ಜೋಡಿಸಿ, ಅಲ್ಲಿ ಡಿಸ್ಕ್ ಪರೀಕ್ಷೆ ಮಾಡಿಸಿ, ಸರಿಯಾಗಿ ಎಜೆಕ್ಟ್ ಮಾಡಿ ತರುವುದು ಎಲ್ಲಕ್ಕಿಂತ ಒಳ್ಳೆಯ ದಾರಿ. 'ಎನ್‌ಟಿಎಫ್‌ಎಸ್‌ಫಿಕ್ಸ್' ಎಂಬ ಆಜ್ಞೆಯೂ ಇದೆ. ಹೆಸರು ದೊಡ್ಡದಾದರೂ ಅದು ಮಾಡುವ ರಿಪೇರಿ ಅಲ್ಪ.

ಎಕ್ಸ್‌ಫ್ಯಾಟ್ ಚಾಲಕ ಕರ್ನಲ್ 5.7ರಿಂದ ಒಳಗೇ ಇದೆ. ಹಳೆಯ ಉಬುಂಟು ಇಟ್ಟುಕೊಂಡವರು ಎಕ್ಸ್‌ಫ್ಯಾಟ್ ಫ್ಯೂಸ್ ಎಂಬ ಪ್ಯಾಕೇಜ್ ಹಾಕಿಕೊಳ್ಳಬೇಕು. ಫೈಲ್ ವ್ಯವಸ್ಥೆಯ ಜಾಗದಲ್ಲಿ 'ಬಿಟ್‌ಲಾಕರ್' ಎಂದು ಬಂದರೆ ವಿಂಡೋಸ್ ಡಿಸ್ಕಿಗೆ ಬೀಗ ಹಾಕಿದೆ, ಪಾಸ್‌ವರ್ಡ್ ಬೇಕು. ಕ್ರಿಪ್ಟ್‌ಸೆಟಪ್ 2.3 ಮತ್ತು ನಂತರದ ಆವೃತ್ತಿಗಳು ಅದನ್ನು ತೆರೆಯಬಲ್ಲವು. ದೊಡ್ಡ ವಿಡಿಯೊ ಮಾತ್ರ ನಕಲಾಗದೆ ಉಳಿದದ್ದೆಲ್ಲ ಆಗುತ್ತಿದ್ದರೆ ಅದು ಫ್ಯಾಟ್32. ಅದರಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವಂತಿಲ್ಲ.

200 ಜಿಬಿ ನಕಲು ಮಾಡಲು ಒಂದೂವರೆ ಗಂಟೆ ಬೇಕಾಯಿತು. ಡಿಸ್ಕ್ ಮೇಲೆ ಯುಎಸ್‌ಬಿ 3.0 ಎಂದಿದೆಯಲ್ಲ?

ಡಿಸ್ಕ್ 3.0 ಇರಬಹುದು, ಆದರೆ ಅದು ಓಡುತ್ತಿರುವುದು 2.0ರಲ್ಲಿ. 2000ನೇ ಇಸವಿಯ ಯುಎಸ್‌ಬಿ 2.0ರ ಮಿತಿ ಸೆಕೆಂಡಿಗೆ 480 ಮೆಗಾಬಿಟ್. ಕೈಗೆ ಸಿಗುವುದು ಸೆಕೆಂಡಿಗೆ 30ರಿಂದ 40 ಎಂಬಿ. ಆ ಲೆಕ್ಕದಲ್ಲಿ 200 ಜಿಬಿಗೆ ಒಂದೂವರೆ ಗಂಟೆ ಸರಿಯಾಗಿಯೇ ಇದೆ. 2008ರಲ್ಲಿ ಬಂದ 3.0ರ ಮಿತಿ 5 ಗಿಗಾಬಿಟ್. ಅಲ್ಲಿ ಡಿಸ್ಕಿನ ತಟ್ಟೆಯೇ ಮಿತಿ ಹಾಕುತ್ತದೆ, ಸಾಮಾನ್ಯ ಡಿಸ್ಕಿನಿಂದ ಸೆಕೆಂಡಿಗೆ 100 ಎಂಬಿಗೆ ಮೋಸವಿಲ್ಲ. ಕೆಲಸ ಅರ್ಧ ಗಂಟೆಯ ಆಚೀಚೆ ಮುಗಿಯಬೇಕು.

ಎಲ್‌ಎಸ್‌ಯುಎಸ್‌ಬಿಗೆ ಮೈನಸ್ ಟಿ ಸೇರಿಸಿ ಕೊಡಿ. ಡಿಸ್ಕಿನ ಸಾಲಿನ ಕೊನೆಯಲ್ಲಿ 480ಎಂ ಎಂದಿದ್ದರೆ 2.0, 5000ಎಂ ಎಂದಿದ್ದರೆ 3.0. 12ಎಂ ಕಂಡರೆ ಕೇಬಲ್ ಅಥವಾ ಹಬ್ ಸತ್ತಂತೆಯೇ.

480ಕ್ಕೆ ಇಳಿಯಲು ಕಾರಣ ಬೇಕಾದಷ್ಟಿವೆ. ಪೋರ್ಟಿನೊಳಗಿನ ಪ್ಲಾಸ್ಟಿಕ್ ನೀಲಿ ಇದ್ದರೆ ಸಾಮಾನ್ಯವಾಗಿ 3.0, ಕಪ್ಪು ಅಥವಾ ಬಿಳಿ ಇದ್ದರೆ 2.0, ಲ್ಯಾಪ್‌ಟಾಪುಗಳಲ್ಲಿ ಈ ಬಣ್ಣದ ನಿಯಮ ನಂಬುವಂತಿಲ್ಲ. ಡಿಸ್ಕಿನ ಕಡೆಯ ಸಾಕೆಟ್ಟನ್ನು ಗಮನಿಸಿ ನೋಡಿ. ಒಂದು ಅಗಲವಾದ ಭಾಗ, ಪಕ್ಕದಲ್ಲಿ ಕಿರಿದಾದ ಇನ್ನೊಂದು ಭಾಗ, ನಡುವೆ ಸಣ್ಣ ತಗ್ಗು. ಹಳೆಯ ಮೊಬೈಲ್ ಚಾರ್ಜರಿನ ಮೈಕ್ರೊ ಕೇಬಲ್ ಆ ಅಗಲ ಭಾಗಕ್ಕೆ ಅಚ್ಚುಕಟ್ಟಾಗಿ ಕೂರುತ್ತದೆ, ಡಿಸ್ಕ್ ನಡೆಯುತ್ತದೆ ಕೂಡ. ಆದರೆ ವೇಗದ ತಂತಿಗಳಿರುವುದು ಪಕ್ಕದ ಕಿರಿದಾದ ಭಾಗದಲ್ಲಿ, ಅಲ್ಲಿಗೆ ಈ ಕೇಬಲ್ ತಲುಪುವುದೇ ಇಲ್ಲ. ಮೂಲ ಕೇಬಲ್ ಕಳೆದುಕೊಂಡ ಸ್ಟುಡಿಯೊಗಳಲ್ಲಿ ಇದನ್ನು ಮತ್ತೆ ಮತ್ತೆ ನೋಡುತ್ತೇನೆ.

ಇನ್ನೊಂದು ಕಾರಣ ನಂಬಲು ಕಷ್ಟ, ಆದರೆ ನಿಜ: ಪೋರ್ಟಿಗೆ ಪ್ಲಗ್ಗನ್ನು ತೀರಾ ನಿಧಾನವಾಗಿ ತೂರಿಸಿದರೆ ಹಳೆಯ ನಾಲ್ಕು ಸಂಪರ್ಕಗಳು ಮೊದಲು ಮುಟ್ಟಿ, ವೇಗದ ಐದು ಮುಟ್ಟುವ ಮೊದಲೇ ಮಾತುಕತೆ 2.0ರಲ್ಲಿ ಮುಗಿದಿರುತ್ತದೆ. ಹೊರತೆಗೆದು ಒಂದೇ ಬಾರಿಗೆ ಗಟ್ಟಿಯಾಗಿ ಒತ್ತಿ.

5000ಎಂ ಎಂದೇ ತೋರಿಸುತ್ತಿದೆ. ಆದರೂ ನಿಧಾನ.

ಈಗ ವಿಷಯ ಸ್ವಲ್ಪ ಸೂಕ್ಷ್ಮ. ಅದೇ ಸಾಲಿನಲ್ಲಿ ಡ್ರೈವರ್ ಹೆಸರು 'ಯುಎಎಸ್' ಎಂದಿದೆಯೇ ನೋಡಿ. ಒಂದೇ ಸಲ ಹಲವು ಬೇಡಿಕೆಗಳನ್ನು ಕಳುಹಿಸುವ ಹೊಸ ಪದ್ಧತಿ ಅದು, ತಟ್ಟೆಯಿಲ್ಲದ ಎಸ್‌ಎಸ್‌ಡಿಗಳಿಗೆ ವರದಾನ. ಆದರೆ ಕೆಲವು ಪೆಟ್ಟಿಗೆಗಳ ಬೋರ್ಡು ಇದನ್ನು ಬೆಂಬಲಿಸುತ್ತೇನೆಂದು ಹೇಳಿ, ಭಾರ ಬಿದ್ದಾಗ ಸ್ತಬ್ಧವಾಗುತ್ತದೆ. ಆಗ ಕರ್ನಲ್ ಮೂವತ್ತು ಸೆಕೆಂಡಿನಷ್ಟು ಕಾದು ಡಿಸ್ಕನ್ನು ರೀಸೆಟ್ ಮಾಡುತ್ತದೆ. ಸಂದೇಶಗಳಲ್ಲಿ 'ರೀಸೆಟ್ ಸೂಪರ್‌ಸ್ಪೀಡ್' ಎಂಬ ಸಾಲು ಮರುಕಳಿಸುತ್ತಿದ್ದರೆ ಅನುಮಾನ ಇದರ ಮೇಲೆ. ಎಲ್‌ಎಸ್‌ಯುಎಸ್‌ಬಿ ತೋರಿಸುವ ನಾಲ್ಕು ಅಂಕಿ, ಕೋಲನ್, ನಾಲ್ಕು ಅಂಕಿಯ ಗುರುತನ್ನು ಬರೆದುಕೊಳ್ಳಿ. ಮಾಡ್ಯೂಲ್‌ಗಳ ಆಯ್ಕೆಗಳನ್ನು ಬರೆದಿಡುವ ಮಾಡ್‌ಪ್ರೋಬ್ ಸಂರಚನಾ ಕಡತದಲ್ಲಿ ಯುಎಸ್‌ಬಿ ಸ್ಟೋರೇಜ್‌ನ 'ಕ್ವರ್ಕ್ಸ್' ಆಯ್ಕೆಗೆ ಆ ಗುರುತನ್ನೂ ಕೊನೆಗೆ ಕೋಲನ್ ಯು ಎಂಬುದನ್ನೂ ಸೇರಿಸಿ, ಬೂಟ್ ಆಗುವಾಗ ಮೊದಲು ತೆರೆಯುವ ಇನಿಟ್‌ರಾಮ್‌ಎಫ್‌ಎಸ್ ಕಡತವನ್ನು ನವೀಕರಿಸಿ ರೀಸ್ಟಾರ್ಟ್ ಮಾಡಿದರೆ ಡಿಸ್ಕ್ ಹಳೆಯ ಪದ್ಧತಿಗೆ ಇಳಿಯುತ್ತದೆ. ವೇಗ ಸ್ವಲ್ಪ ಕಡಿಮೆ, ನೆಮ್ಮದಿ ಹೆಚ್ಚು.

ಆರಂಭದಲ್ಲಿ ಓಡಿ ಆಮೇಲೆ ತೆವಳುವ ಡಿಸ್ಕಾದರೆ ಅದು ಬಹುಶಃ ಎಸ್‌ಎಂಆರ್ ಜಾತಿಯದು. ಡೇಟಾದ ಸಾಲುಗಳನ್ನು ಮನೆಯ ಹೆಂಚುಗಳಂತೆ ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಹೊದಿಸಿ ಬರೆಯುವುದರಿಂದ, ನಡುವಿನ ಒಂದನ್ನು ಬದಲಿಸಬೇಕಾದರೆ ಅದರಾಚೆಯ ಸಾಲನ್ನೂ ಮತ್ತೆ ಬರೆಯಬೇಕು. ಆರಂಭದ ವೇಗ ಅದರ ತಾತ್ಕಾಲಿಕ ಜಾಗದ ಕೃಪೆ. ಅದು ತುಂಬಿದ ಮೇಲೆ ಬಣ್ಣ ಬಯಲಾಗುತ್ತದೆ. ಬ್ಯಾಕಪ್ ಇಡಲು ಇವು ಅಡ್ಡಿಯಿಲ್ಲ. ನೇರವಾಗಿ ಇದರ ಮೇಲೆ ವಿಡಿಯೊ ಎಡಿಟಿಂಗ್ ಮಾಡುತ್ತೇನೆಂದರೆ ಬೇಡ.

ಸಾವಿರಾರು ಚಿಕ್ಕ ಫೈಲುಗಳ ನಕಲು ಯಾವ ಡಿಸ್ಕಿನಲ್ಲೂ ನಿಧಾನವೇ. 'ಟಾರ್' ಮಾಡಿ ಒಂದೇ ಕಡತವಾಗಿ ಕಳುಹಿಸಿ.

ನಕಲು ನೂರು ಶೇಕಡಾ ಎಂದು ಬೇಗ ತೋರಿಸುತ್ತದೆ, ಎಜೆಕ್ಟ್ ಮಾಡಲು ಹೋದರೆ ಹತ್ತು ನಿಮಿಷ ಕಾಯಿಸುತ್ತದೆ. ಎಳೆದುಬಿಡಬಹುದೇ?

ಬೇಡ. ಕರ್ನಲ್ ಬರೆಯಬೇಕಾದದ್ದನ್ನು ಮೊದಲು ರ್‍ಯಾಮಿನಲ್ಲಿ ಇಟ್ಟುಕೊಂಡು "ಆಯಿತು" ಎನ್ನುತ್ತದೆ, ಡಿಸ್ಕಿಗೆ ಆಮೇಲೆ ಇಳಿಸುತ್ತದೆ. ಸಾಮಾನ್ಯ ಸಂರಚನೆಯಲ್ಲಿ ಲಭ್ಯ ರ್‍ಯಾಮಿನ 20 ಶೇಕಡಾದವರೆಗೆ ಹೀಗೆ ಬಾಕಿ ಇರಬಹುದು. 16 ಜಿಬಿಯ ಯಂತ್ರದಲ್ಲಿ ಅದು 2–3 ಜಿಬಿ. ಅಗ್ಗದ ಪೆನ್‌ಡ್ರೈವ್ ಸೆಕೆಂಡಿಗೆ 5 ಎಂಬಿಯಂತೆ ಬರೆಯುತ್ತಿದ್ದರೆ ಹತ್ತು ನಿಮಿಷಕ್ಕೆ ಆಶ್ಚರ್ಯವೇನಿಲ್ಲ. ಟರ್ಮಿನಲ್‌ನಲ್ಲಿ 'ಸಿಂಕ್' ಎಂದು ಕೊಟ್ಟು, ಅದು ಮುಗಿದು ಪ್ರಾಂಪ್ಟ್ ಮರಳಿದ ಮೇಲೆ ಎಜೆಕ್ಟ್ ಮಾಡಿ. ತಹಶೀಲ್ದಾರ್ ಕಚೇರಿಗೆ ಕೊಡಬೇಕಾದ ಅರ್ಜಿಯನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಬಸ್ಸಿಗೆ ಓಡುವವರು ಅಲ್ಲಿ ಹೋಗಿ ಖಾಲಿ ಫೈಲ್ ತೆರೆಯುವುದು ಇದರಿಂದಲೇ. ಈ ಬಾಕಿಯ ಮಿತಿಯನ್ನೇ ಇಳಿಸಬೇಕೆಂದರೆ ಕರ್ನಲ್‌ನ ಹೊಂದಿಕೆ ಬದಲಿಸುವ ಸಿಸ್‌ಸಿಟಿಎಲ್‌ನಲ್ಲಿ 'ಡರ್ಟಿ ಬೈಟ್ಸ್' ಎಂಬ ಮೌಲ್ಯವನ್ನು ಕೆಲವು ನೂರು ಎಂಬಿಗೆ ಹೊಂದಿಸಬಹುದು. ಆಗ ಪ್ರಗತಿಯ ಪಟ್ಟಿ ನಿಜ ಹೇಳಲು ಕಲಿಯುತ್ತದೆ.

ಜಾತ್ರೆಯಲ್ಲಿ 2 ಟಿಬಿ ಪೆನ್‌ಡ್ರೈವ್ ಅಗ್ಗಕ್ಕೆ ಸಿಕ್ಕಿತು.

ಸಿಕ್ಕಿರುವುದು ಬಹುಶಃ 16 ಅಥವಾ 32 ಜಿಬಿ. 'ಎಫ್3' ಎಂಬ ಪ್ಯಾಕೇಜ್ ಹಾಕಿ, ಅದರ ಎಫ್3ರೈಟ್‌ನಿಂದ ಪೂರ್ತಿ ತುಂಬುವಂತೆ ಬರೆಸಿ, ಎಫ್3ರೀಡ್‌ನಿಂದ ಓದಿಸಿ. ನಿಜವಾದ ಅಳತೆ ಹೊರಬರುತ್ತದೆ.

ನಕಲಿನ ನಡುವೆ ಡಿಸ್ಕ್ ಮಾಯವಾಗಿ, ಎಸ್‌ಡಿಬಿ ಇದ್ದದ್ದು ಎಸ್‌ಡಿಸಿ ಆಗಿ ಮರಳುತ್ತದೆ.

ಹಳೆಯ ಹೆಸರನ್ನು ಹಿಡಿದುಕೊಂಡಿದ್ದ ಪ್ರೋಗ್ರಾಂ ಇನ್ನೂ ಮುಚ್ಚಿಲ್ಲವಾದ್ದರಿಂದ ಕರ್ನಲ್ ಹೊಸ ಹೆಸರು ಕೊಟ್ಟಿದೆ. ಕಾರಣ ಮೇಲಿನ ಕೇಬಲ್, ಕರೆಂಟ್, ಯುಎಎಸ್ ಮೂರರಲ್ಲಿ ಒಂದಾಗಿರುವ ಸಾಧ್ಯತೆಯೇ ಹೆಚ್ಚು. ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಉಳಿಸುವ ಟಿಎಲ್‌ಪಿ ಅಥವಾ ಪವರ್‌ಟಾಪ್ ಹಾಕಿದ್ದರೆ, ಅವು ಯುಎಸ್‌ಬಿ ಸಾಧನಗಳನ್ನು ನಿದ್ದೆಗೆ ಕಳುಹಿಸುತ್ತಿರಬಹುದು. ಆ ಡಿಸ್ಕಿನ ಗುರುತನ್ನು ವಿನಾಯಿತಿ ಪಟ್ಟಿಗೆ ಸೇರಿಸಿ. ಬಹಳ ಹೊತ್ತು ಸುಮ್ಮನಿದ್ದ ಡಿಸ್ಕ್ ತೆರೆಯಲು ಕೆಲವು ಸೆಕೆಂಡು ತೆಗೆದುಕೊಂಡರೆ ಅದು ದೋಷವಲ್ಲ, ನಿಂತ ತಟ್ಟೆ ತಿರುಗಲು ಬೇಕಾದ ಸಮಯ.

ಶಾಶ್ವತವಾಗಿ ಜೋಡಿಸಿಡುವ ಡಿಸ್ಕನ್ನು ಬೂಟ್ ಆಗುವಾಗ ಯಾವ ಡಿಸ್ಕ್ ತೆರೆಯಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಎಸ್‌ಡಿಬಿ ಎಂದು ಬರೆಯಬೇಡಿ, ಬದಲಾಗದ ಗುರುತಾದ ಯುಯುಐಡಿ ಬರೆಯಿರಿ. 'ನೋಫೇಲ್' ಆಯ್ಕೆಯನ್ನೂ ಸೇರಿಸಿ. ಇಲ್ಲದಿದ್ದರೆ ಡಿಸ್ಕ್ ಇಲ್ಲದ ದಿನ ಕಂಪ್ಯೂಟರ್ ಬೂಟ್ ಆಗದೆ ತುರ್ತು ಪರದೆಯಲ್ಲಿ ನಿಲ್ಲುತ್ತದೆ.

ಬೇಸಿಗೆಯಲ್ಲಿ ಮಾತ್ರ ಈ ತೊಂದರೆ ಹೆಚ್ಚು. ನಿಜವೇ?

ನಿಜ. ಮೇ ತಿಂಗಳಲ್ಲಿ ಹೊರಗೆ 42–43 ಡಿಗ್ರಿ ಇರುವಾಗ ಡಿಸ್ಕ್ ತನ್ನ ಬಿಸಿಯನ್ನು ಯಾರಿಗೆ ಕೊಡಬೇಕು? 'ಸ್ಮಾರ್ಟ್‌ಸಿಟಿಎಲ್' ಆಜ್ಞೆಯಲ್ಲಿ ಉಷ್ಣತೆ ಕಾಣುತ್ತದೆ. ತಟ್ಟೆಯ ಡಿಸ್ಕುಗಳಿಗೆ ಸಾಮಾನ್ಯ ಗರಿಷ್ಠ ಮಿತಿ 60 ಡಿಗ್ರಿ. ಎನ್‌ವಿಎಂಇ ಎಂಬ ಅತಿವೇಗದ ಎಸ್‌ಎಸ್‌ಡಿ ಇರುವ ಪೆಟ್ಟಿಗೆಗಳು ಬಿಸಿಯೇರಿದಾಗ ತಾವೇ ವೇಗ ಇಳಿಸಿಕೊಳ್ಳುತ್ತವೆ. ಡಿಸ್ಕನ್ನು ಲ್ಯಾಪ್‌ಟಾಪಿನ ಬಿಸಿಗಾಳಿ ಬರುವ ಕಡೆ ಇಡಬೇಡಿ, ರಬ್ಬರ್ ಚೀಲದಿಂದ ಹೊರಗೆ ತೆಗೆದಿಟ್ಟು ನಕಲು ಮಾಡಿ. ಶಹಾಬಾದ್ ಕಲ್ಲಿನ ಪಾಲಿಶ್ ಘಟಕ, ದಾಲ್ ಮಿಲ್ಲುಗಳ ಅಕ್ಕಪಕ್ಕದ ಕಚೇರಿಗಳಲ್ಲಿ ಪೋರ್ಟಿನೊಳಗೆ ಹುಡಿ ಗಟ್ಟಿಯಾಗಿ ಕೂತಿರುತ್ತದೆ. ಯಂತ್ರ ಆಫ್ ಮಾಡಿ, ಒಣಗಿದ ಮೃದು ಬ್ರಷ್‌ನಿಂದ ತೆಗೆಯಿರಿ. ಬಾಯಿಂದ ಊದಿದರೆ ಹುಡಿಯ ಜೊತೆ ಉಗುಳೂ ಸೇರುತ್ತದೆ.

ಡಿಸ್ಕೇ ಹೋಗುತ್ತಿದೆ ಎಂದು ತಿಳಿಯುವುದು ಹೇಗೆ?

ಅದೇ ಸ್ಮಾರ್ಟ್‌ಸಿಟಿಎಲ್‌ಗೆ ಮೈನಸ್ ಎ ಕೊಡಿ. ಪೆಟ್ಟಿಗೆ ತಡೆದರೆ ಮೈನಸ್ ಡಿ ಸ್ಯಾಟ್ ಸೇರಿಸಿ. 'ರೀಅಲೊಕೇಟೆಡ್ ಸೆಕ್ಟರ್', 'ಕರೆಂಟ್ ಪೆಂಡಿಂಗ್ ಸೆಕ್ಟರ್' ಸಾಲುಗಳ ಕೊನೆಯ ಅಂಕಿ ಸೊನ್ನೆ ಇರಬೇಕು. ಪೆಂಡಿಂಗ್ ಏರುತ್ತಿದ್ದರೆ ಡಿಸ್ಕ್ ಓದಲಾಗದ ಜಾಗಗಳನ್ನು ಎಣಿಸುತ್ತಿದೆ. ಆಗ ಫೈಲ್ ವ್ಯವಸ್ಥೆ ರಿಪೇರಿ ಮಾಡುವ ಎಫ್‌ಎಸ್‌ಸಿಕೆ ಓಡಿಸುವುದು, ಮತ್ತೆ ಮತ್ತೆ ತೆರೆದು ನೋಡುವುದು ನಿಲ್ಲಿಸಿ. ಅದಕ್ಕಿಂತ ದೊಡ್ಡದಾದ ಇನ್ನೊಂದು ಡಿಸ್ಕ್ ತಂದು 'ಡಿಡಿರೆಸ್ಕ್ಯೂ'ನಿಂದ ಪೂರ್ತಿ ಪ್ರತಿ ತೆಗೆಯಿರಿ. ಮ್ಯಾಪ್ ಕಡತದ ಹೆಸರನ್ನು ಕೊಡಲು ಮರೆಯಬೇಡಿ. ಅದಿದ್ದರೆ ಕರೆಂಟ್ ಹೋಗಿ ಬಂದರೂ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಓದಲು ಸುಲಭವಾದದ್ದನ್ನು ಮೊದಲು ತೆಗೆದು, ಕೆಟ್ಟ ಜಾಗಗಳಿಗೆ ಆಮೇಲೆ ಬರುವುದು ಅದರ ಜಾಣತನ. ರಿಪೇರಿ, ಫೈಲ್ ಹುಡುಕಾಟ ಎಲ್ಲವನ್ನೂ ಆ ಪ್ರತಿಯ ಮೇಲೆ ಮಾಡಿ.

ಕೈಯಿಂದ ಬಿದ್ದ ಡಿಸ್ಕ್ ಕೆರೆಯುವ ಸದ್ದು ಮಾಡುತ್ತಿದ್ದರೆ ಮಾತ್ರ ಇದನ್ನೂ ಮಾಡಬೇಡಿ. ಕರೆಂಟ್ ಕೊಟ್ಟಷ್ಟೂ ತಟ್ಟೆ ಸವೆಯುತ್ತದೆ. ಧೂಳಿಲ್ಲದ ಕೋಣೆಯಲ್ಲಿ ಬಿಚ್ಚುವವರ ಕೆಲಸ ಅದು, ದುಬಾರಿಯೂ ಹೌದು.

ಲಿನಕ್ಸ್ ಬದಲು ಫ್ರೀಬಿಎಸ್‌ಡಿ ಅಥವಾ ಮ್ಯಾಕ್ ಇದ್ದರೆ?

ಹಂತಗಳು ಅವೇ, ಆಜ್ಞೆಗಳು ಬೇರೆ. ಫ್ರೀಬಿಎಸ್‌ಡಿಯಲ್ಲಿ 'ಯುಎಸ್‌ಬಿಕಾನ್ಫಿಗ್', 'ಕ್ಯಾಮ್‌ಕಂಟ್ರೋಲ್ ಡೆವ್‌ಲಿಸ್ಟ್', 'ಜಿಪಾರ್ಟ್ ಶೋ' ಕ್ರಮವಾಗಿ ನೋಡಿ. ಡಿಸ್ಕಿನ ಹೆಸರು ಡಿಎ0, ಡಿಎ1 ಎಂದು ಬರುತ್ತದೆ. ಮ್ಯಾಕಿನಲ್ಲಿ 'ಡಿಸ್ಕ್‌ಯುಟಿಲ್ ಲಿಸ್ಟ್' ಸಾಕು. ಮ್ಯಾಕ್ ಎನ್‌ಟಿಎಫ್‌ಎಸ್ ಡಿಸ್ಕನ್ನು ಓದುತ್ತದೆ, ತಾನಾಗಿ ಅದರ ಮೇಲೆ ಬರೆಯುವುದಿಲ್ಲ. ಅದನ್ನು ದೋಷವೆಂದು ತಿಳಿದು ಡಿಸ್ಕ್ ಬದಲಿಸಿದವರಿದ್ದಾರೆ.

ಡಿಸ್ಕ್ ಜೋಡಿಸಿದ ಕೂಡಲೇ ವೈರ್‌ಲೆಸ್ ಮೌಸ್ ತಡವರಿಸುತ್ತದೆ. ವೈರಸ್ ಇರಬಹುದೇ?

ವೈರಸ್ ಅಲ್ಲ. ಯುಎಸ್‌ಬಿ 3.0 ಓಡುವಾಗ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ರೇಡಿಯೊ ಗದ್ದಲ ಹೊರಡಿಸುತ್ತದೆ. ಇಂಟೆಲ್ ಇದನ್ನು 2012ರಲ್ಲಿಯೇ ಅಳೆದು ಪ್ರಕಟಿಸಿದೆ. ಮೌಸ್ ಮಾತಾಡುವುದೂ ಅದೇ ತರಂಗದಲ್ಲಿ. ಮೌಸಿನ ಚಿಕ್ಕ ರಿಸೀವರನ್ನು ಡಿಸ್ಕಿನ ಪಕ್ಕದ ಪೋರ್ಟಿನಿಂದ ತೆಗೆದು ಇನ್ನೊಂದು ಬದಿಗೆ ಹಾಕಿ, ಅಥವಾ ಗೇಣುದ್ದದ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ದೂರ ಸರಿಸಿ.